ಅಪ್ಪನ ಅಂಗಾಲಿನ ಗಾಯ ಐದು ತಿಂಗಳಾದರೂ ಮಾಯುತ್ತಿಲ್ಲ, ‘ತಯಾರಿಸಿದ ತೊಗಲು’ ಹಾಕಿಸಬೇಕಾ?

ಬೆಟಗೇರಿ_ಮಗ್ಗ
ಎಲ್ಲರಿಗೂ ನಮಸ್ಕಾರ. ಊರು ಗದಗ-ಬೆಟಗೇರಿ, ಕೆಲಸ ಹುಬ್ಬಳ್ಳಿಯಲ್ಲಿ. ಅಪ್ಪನಿಗೆ 61 ವರ್ಷ, ಶುಗರ್ ಬಂದು 14 ವರ್ಷ. ನಲವತ್ತು ವರ್ಷದಿಂದ ಗುಂಡಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದಾರೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಮೊದಲು ಆಣಿ ಥರ ಗಟ್ಟಿಯಾಗಿತ್ತು. ಅಪ್ಪ ಬ್ಲೇಡು ತಗೊಂಡು ತಾವೇ ಕೆತ್ತಿಕೊಂಡರು. ನೋವೇ ಆಗಲಿಲ್ಲವಂತೆ, ಅದೇ ಒಂದು ಹೆಮ್ಮೆ ಬೇರೆ! ಯುಗಾದಿ ಹೊತ್ತಿಗೆ ಅದು ಒಡೆದು ನೀರು ಸುರಿಯಿತು. ಈಗ ಗಣೇಶ ಹಬ್ಬ ಬಂತು, ಗಾಯ ಹಾಗೇ ಇದೆ. ಹಳೆಯ ದೊಡ್ಡ ರೂಪಾಯಿ ನಾಣ್ಯದಷ್ಟು ಅಗಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸುತ್ತೇವೆ.

ಹೋದ ವಾರ ಒಂದು ಆಸ್ಪತ್ರೆಗೆ ತೋರಿಸಿದೆವು (ಹೆಸರು ಬೇಡ). ಕಾಲು ನೋಡಿದ್ದು ಎರಡು ನಿಮಿಷ. ‘ಲ್ಯಾಬಿನಲ್ಲಿ ತಯಾರಿಸಿದ ತೊಗಲು ಬಂದಿದೆ, ಎರಡು ಸಲ ಹಾಕಿದರೆ ಮುಚ್ಚಿಕೊಳ್ಳುತ್ತೆ, ಎಲ್ಲಾ ಸೇರಿ ಲಕ್ಷದ ಮೇಲಾಗುತ್ತೆ’ ಅಂದರು. ಅವ್ವ ಬೋರಮಾಳ ಸರ ಅಡ ಇಡೋಣ ಅಂತ ತೆಗೆದೇ ಇಟ್ಟಿದ್ದಾಳೆ. ಇಲ್ಲಿ ಯಾರಾದರೂ ಇದನ್ನು ಹಾಕಿಸಿದ್ದೀರಾ? ನಿಜವಾಗಲೂ ಹಿಡಿಯುತ್ತಾ?

ರಾಣೆಬೆನ್ನೂರು_ಬೀಜ
ಲಕ್ಷ ರೂಪಾಯಿ ಯಾಕೆ ಸುಮ್ನೆ ಸುರೀತೀರಿ? ನಮ್ಮ ಮಾಮಾನಿಗೆ ಬೇವಿನ ಎಲೆ ಕುದಿಸಿದ ನೀರಲ್ಲಿ ತೊಳೆದು ಅರಿಶಿನ ತುಂಬಿದ್ದೆವು. ಹದಿನೈದು ದಿನದಲ್ಲಿ ಒಣಗಿತು.

ಡ್ರೆಸ್ಸಿಂಗ್_ರೂಮ್_ಅಕ್ಕ
ಬೀಜದಣ್ಣಾ, ನಿಮ್ಮ ಮಾಮಾನಿಗೆ ಶುಗರ್ ಇತ್ತಾ? ಇರಲಿಕ್ಕಿಲ್ಲ. ಚೆನ್ನಾಗಿ ರಕ್ತ ಹರಿಯುವ ಕಾಲಿಗೆ ಅರಿಶಿನ ತುಂಬಿದರೂ ಮಾಯುತ್ತೆ, ತುಂಬದಿದ್ದರೂ ಮಾಯುತ್ತೆ. ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ 26 ವರ್ಷ ಕಳೆದವಳು ನಾನು. ಅರಿಶಿನ, ಸುಣ್ಣ, ಕಾಫಿ ಪುಡಿ, ಬೀಡಿ ಬೂದಿ ಎಲ್ಲವನ್ನೂ ಗಾಯದಿಂದ ಕೆರೆದು ತೆಗೆದಿದ್ದೇನೆ. ಅದನ್ನು ತೆಗೆಯುವುದೇ ಅರ್ಧ ಗಂಟೆ ಕೆಲಸ.

ತಮ್ಮಾ ಬೆಟಗೇರಿ, ತೊಗಲಿನ ಮಾತು ಆಮೇಲೆ. ಮೊದಲು ಇಷ್ಟಕ್ಕೆ ಉತ್ತರ ಹೇಳು. ಕಾಲಿಗೆ ರಕ್ತ ಎಷ್ಟು ಹರಿಯುತ್ತಿದೆ ಅಂತ ಡಾಪ್ಲರ್ ಮಾಡಿದರಾ? ಎಲುಬಿಗೆ ಕೀವು ಹತ್ತಿದೆಯಾ ಅಂತ ಎಕ್ಸ್‌ರೇ ತೆಗೆದರಾ, ಕಡ್ಡಿ ಹಾಕಿ ಮುಟ್ಟಿ ನೋಡಿದರಾ? ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ಎಷ್ಟಿದೆ? ಗಾಯದ ಅಂಚಿನ ಸತ್ತ ತೊಗಲು ಹೆರೆದು ತೆಗೆಯುತ್ತಾರಾ, ಇಲ್ಲಾ ಬರೀ ಪಟ್ಟಿ ಬದಲಿಸಿ ಕಳಿಸುತ್ತಾರಾ? ಕೊನೆಯದು, ಇದೇ ಮುಖ್ಯ. ಅಪ್ಪ ಇವತ್ತೂ ಮಗ್ಗಕ್ಕೆ ಕೂರುತ್ತಿದ್ದಾರಾ?

ಬೆಟಗೇರಿ_ಮಗ್ಗ
ಅಕ್ಕಾ, ಡಾಪ್ಲರ್ ಆಗಿಲ್ಲ. ಎಕ್ಸ್‌ರೇ ಯುಗಾದಿಯಲ್ಲಿ ಆಗಿದ್ದು ಒಂದೇ. ಮೂರು ತಿಂಗಳ ಶುಗರ್ 9.4. ಪಟ್ಟಿ ಬದಲಿಸುತ್ತಾರೆ ಅಷ್ಟೇ. ಮಗ್ಗಕ್ಕೆ... ಕೂರುತ್ತಾರೆ. ದೀಪಾವಳಿ ಆರ್ಡರ್ ಇದೆ. ‘ಕೂತು ಮಾಡೋ ಕೆಲಸ, ನಡೆಯೋದೇನಿದೆ’ ಅಂತಾರೆ.

ಡ್ರೆಸ್ಸಿಂಗ್_ರೂಮ್_ಅಕ್ಕ
ಅಲ್ಲೇ ಸಿಕ್ಕಿತು ನೋಡು. ಗುಂಡಿ ಮಗ್ಗದಲ್ಲಿ ಕೈ ಎಷ್ಟು ದುಡಿಯುತ್ತೋ ಕಾಲೂ ಅಷ್ಟೇ ದುಡಿಯುತ್ತೆ. ಒಂದೊಂದು ಎಳೆಗೂ ಹಲಗೆ ತುಳಿಯಬೇಕು. ಯಾವ ಜಾಗದಿಂದ ತುಳಿಯುತ್ತಾರೆ? ಹೆಬ್ಬೆರಳ ಬುಡದಿಂದ. ದಿನಕ್ಕೆ ಸಾವಿರ ಸಲ ಗಾಯದ ಮೇಲೇ ಒತ್ತುತ್ತಿದ್ದಾರೆ, ನೋವಿಲ್ಲದ್ದರಿಂದ ಗೊತ್ತಾಗುತ್ತಿಲ್ಲ. ಆ ಕಾಲಿಗೆ ಲಕ್ಷದ ತೊಗಲಲ್ಲ, ಬಂಗಾರದ ತಗಡು ಹೊದಿಸಿದರೂ ನಿಲ್ಲುವುದಿಲ್ಲ. ಬೋರಮಾಳ ಪೆಟ್ಟಿಗೆಯಲ್ಲೇ ಇರಲಿ ಅಂತ ಅವ್ವನಿಗೆ ಹೇಳು.

ಸಾಧನಕೇರಿ_ಮಾಸ್ತರ
ಅಕ್ಕನ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ‘ತಯಾರಿಸಿದ ತೊಗಲು’ ಅಂದರೆ ಏನು ಅಂತ ಯಾರೂ ಹೇಳಲೇ ಇಲ್ಲ. ಜೀವಶಾಸ್ತ್ರ ಪಾಠ ಮಾಡಿದವನು, ಸುಮ್ಮನಿರಲು ಆಗುವುದಿಲ್ಲ. ಉದ್ದ ಆದರೆ ಬೈಯಬೇಡಿ.

ನಮ್ಮ ತೊಗಲಿಗೆ ಮುಖ್ಯವಾಗಿ ಎರಡು ಪದರ. ಮೇಲಿನದು ತೆಳು, ಹೊರಗಿನ ಕಾಟ ತಡೆಯುವುದು ಅದೇ. ಕೆಳಗಿನದು ದಪ್ಪ, ಕೊಲಾಜೆನ್ ಎಂಬ ಪ್ರೋಟೀನ್ ನಾರಿನ ಹೆಣಿಗೆ. ಈ ಮೇಲಿನ ಪದರದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಚೆನ್ನಾಗಿ ಬೆಳೆಸುವ ದಾರಿ 1975ರಲ್ಲಿ ಸಿಕ್ಕಿತು. ಕಂಡುಕೊಂಡವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್. ಆರೇ ವರ್ಷಕ್ಕೆ, 1981ರಲ್ಲಿ, ಅದೇ ಎಂಐಟಿಯ ಯಾನಸ್ ಅವರು ಜಾನ್ ಬರ್ಕ್ ಎಂಬ ಸರ್ಜನ್ ಜೊತೆ ಸೇರಿ ಕೆಳಪದರಕ್ಕೆ ಬದಲಿ ಮಾಡಿದರು. ಅದರಲ್ಲಿ ದನದ ಕೊಲಾಜೆನ್ ಇದೆ, ಶಾರ್ಕ್ ಮೀನಿನ ಮೆದುಮೂಳೆಯಿಂದ ತೆಗೆದ ಒಂದು ವಸ್ತು ಇದೆ, ಮೇಲೊಂದು ಸಿಲಿಕಾನ್ ಹಾಳೆ. ಸುಟ್ಟ ಗಾಯಕ್ಕೆ ಅಂತ ಮಾಡಿದ್ದು ಅದು. ಇಂಟೆಗ್ರಾ ಅಂತ ಹೆಸರು.

ಬೆಟಗೇರಿಯವರಿಗೆ ಇದು ಬೇಗ ತಿಳಿಯುತ್ತೆ. ಇಂಟೆಗ್ರಾ ಥರದ್ದರಲ್ಲಿ ಇರುವುದು ಬರೀ ಹಾಸು. ಹೊಕ್ಕು ಹಾಕಬೇಕಾದದ್ದು ರೋಗಿಯ ಮೈ. ಅಕ್ಕಪಕ್ಕದ ಒಳ್ಳೆಯ ಮಾಂಸದಿಂದ ಕೋಶ, ರಕ್ತನಾಳ ಆ ಹಾಸಿನೊಳಗೆ ನುಗ್ಗಿ ನೇಯ್ದುಕೊಂಡು ಹೋಗುತ್ತವೆ. ಇನ್ನೊಂದು ಜಾತಿಯದ್ದರಲ್ಲಿ ಜೀವಂತ ಕೋಶಗಳನ್ನೂ ಸೇರಿಸಿಯೇ ಕೊಡುತ್ತಾರೆ. ಆಪ್ಲಿಗ್ರಾಫ್ ಎಂಬುದು ಹಾಗೆ ಎರಡೂ ಪದರ ಇರುವ ಹಾಳೆ. ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ, ಉಬ್ಬಿದ ನರದಿಂದ (ವೆರಿಕೋಸ್ ವೇನ್) ಆಗುವ ಕಾಲಿನ ಹುಣ್ಣಿಗೆ. 2000ದಲ್ಲಿ ಶುಗರ್ ಗಾಯಕ್ಕೂ ಒಪ್ಪಿದರು. 2001ರಲ್ಲಿ ಡರ್ಮಾಗ್ರಾಫ್ ಬಂತು. ಅದರಲ್ಲಿ ಕೆಳಪದರದ ಕೋಶ ಮಾತ್ರ ಇರುತ್ತಿತ್ತು. ತಾನಾಗಿ ಕರಗಿ ಹೋಗುವ ಒಂದು ಜಾಳಿಗೆಯ ಮೇಲೆ ಬೆಳೆಸಿ, ಹೆಪ್ಪುಗಟ್ಟಿಸಿ ಕಳಿಸುತ್ತಿದ್ದರು.

ಹಾಕಿದ ತೊಗಲು ಅಲ್ಲೇ ಬೇರು ಬಿಟ್ಟು ಕೂರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆ ಕೋಶಗಳು ಬೇರೆಯವರದ್ದು. ಕೆಲವು ವಾರ ಇದ್ದು ಹೋಗುತ್ತವೆ. ಇದ್ದಷ್ಟು ದಿನ ಗಾಯದ ಜಾಗಕ್ಕೆ ಬೆಳವಣಿಗೆಯ ರಸಗಳನ್ನು ಬಿಡುತ್ತವೆ. ನಿಂತುಹೋದ ಗಾಯಕ್ಕೆ ‘ಏಳು, ಕೆಲಸ ಶುರು ಮಾಡು’ ಅಂತ ಎಬ್ಬಿಸಿದ ಹಾಗೆ. ಕೊನೆಗೆ ಮುಚ್ಚುವುದು ರೋಗಿಯದ್ದೇ ತೊಗಲು.

ಉಣಕಲ್_ದಂಡೆ
ಮಾಸ್ತರೇ, ಪಿರಿಯಡ್ ಮುಗಿದು ಬೆಲ್ ಹೊಡೆದು ಹತ್ತು ನಿಮಿಷ ಆಯ್ತು 😄 ಆದರೆ ಹಾಸು-ಹೊಕ್ಕಿನ ಮಾತು ಚಲೋ ಇತ್ತು.

ಪಿಜಿ_ರೂಮ್_7
ಸರ್ಜರಿ ಪಿಜಿ ವಿದ್ಯಾರ್ಥಿ ನಾನು. ಅಂಕಿಗಳು ಇಲ್ಲಿ ಬೇಕು ಅನ್ನಿಸಿತು.

ಶುಗರ್ ಕಾಲಿನ ಗಾಯಕ್ಕೆ ಆಪ್ಲಿಗ್ರಾಫ್ ಪ್ರಯೋಗ ಪ್ರಕಟವಾಗಿದ್ದು 2001ರಲ್ಲಿ. ಅದರಲ್ಲಿ 208 ರೋಗಿಗಳಿದ್ದರು. 12 ವಾರದಲ್ಲಿ ಪೂರ್ತಿ ಮುಚ್ಚಿದ್ದು ತೊಗಲು ಹಾಕಿದವರಲ್ಲಿ ಶೇ. 56, ಬರೀ ಒಳ್ಳೆಯ ಡ್ರೆಸ್ಸಿಂಗ್‌ನಲ್ಲಿ ಶೇ. 38. ಡರ್ಮಾಗ್ರಾಫ್‌ನ ಪ್ರಯೋಗದಲ್ಲಿ ಇದೇ ಲೆಕ್ಕ ಶೇ. 30 ಮತ್ತು ಶೇ. 18. ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಮೊದಲನೆಯದರಲ್ಲೂ ನೂರಕ್ಕೆ 44 ಜನರ ಗಾಯ ಮುಚ್ಚಲಿಲ್ಲ. ‘ಎರಡು ಸಲ ಹಾಕಿದರೆ ಮುಚ್ಚಿಕೊಳ್ಳುತ್ತೆ’ ಅಂತ ಯಾರೂ ಬರೆದುಕೊಡಲು ಆಗುವುದಿಲ್ಲ.

ಇನ್ನೊಂದು. ಆ ಪ್ರಯೋಗಗಳಿಗೆ ಸೋಂಕಿರುವ ಗಾಯವನ್ನು, ರಕ್ತ ಸರಿಯಾಗಿ ಹರಿಯದ ಕಾಲನ್ನು ಸೇರಿಸಿಕೊಂಡಿರಲಿಲ್ಲ. ತೊಗಲು ಹಾಕದವರಿಗೂ ಸತ್ತ ಮಾಂಸ ಹೆರೆದು ತೆಗೆದು, ಪಾದದ ಮೇಲೆ ಭಾರ ಬೀಳದ ಹಾಗೆ ನೋಡಿಕೊಂಡಿದ್ದರು. ನಮ್ಮಲ್ಲಿ ಎಷ್ಟೋ ಜನರಿಗೆ ಈ ‘ಬರೀ ಡ್ರೆಸ್ಸಿಂಗ್’ ಗುಂಪಿಗೆ ಸಿಕ್ಕಷ್ಟು ಆರೈಕೆಯೂ ಸಿಗುವುದಿಲ್ಲ. ನೇರ ದುಬಾರಿ ಹಾಳೆಗೆ ಹೋಗುತ್ತೇವೆ.

ನಾವು ನೋಡುವ ಲೆಕ್ಕ ಸರಳ. ನಾಲ್ಕು ವಾರ ಎಲ್ಲಾ ಸರಿಯಾಗಿ ಮಾಡಿ ಗಾಯ ಅಳೆಯುವುದು. ಅರ್ಧದಷ್ಟು ಸಣ್ಣದಾಗಿದ್ದರೆ ಅದೇ ದಾರಿಯಲ್ಲಿ ಹೋಗುವುದು. ಆಗದಿದ್ದರೆ ಆಗ ಇಂಥ ತೊಗಲಿನ ಬಗ್ಗೆ ಯೋಚಿಸುವುದು. ನಿಮ್ಮದು ಐದು ತಿಂಗಳು ಹಳೆಯದು ನಿಜ. ಆದರೆ ಸರಿಯಾದ ನಾಲ್ಕು ವಾರ ಇನ್ನೂ ಶುರುವೇ ಆಗಿಲ್ಲ.

ಹಾನಗಲ್_ಭತ್ತ
ನಮ್ಮದು ಕೆಟ್ಟ ಅನುಭವ, ಹೇಳಿಬಿಡುತ್ತೇನೆ. ಅವ್ವನಿಗೆ ಶುಗರ್ ಇಲ್ಲ. ಗದ್ದೆಯಲ್ಲಿ ನಿಂತು ನಿಂತು ಕಾಲಿನ ನರ ಗಂಟು ಗಂಟಾಗಿವೆ. ಎಡಗಾಲಿನ ಒಳಗಿಣ್ಣಿನ ಮೇಲೆ ಹುಣ್ಣಾಗಿತ್ತು. ಎರಡು ವರ್ಷದ ಹಿಂದೆ ಒಂದು ಖಾಸಗಿ ಆಸ್ಪತ್ರೆಯಲ್ಲಿ (ಊರು, ಹೆಸರು ಎರಡೂ ಬೇಡ) ಇಂಥದ್ದೇ ಹಾಳೆ ಹಾಕಿದರು. ಒಂದು ಎಕರೆ ಭತ್ತದ ದುಡ್ಡು ಹೋಯಿತು. ಎಂಟನೇ ದಿನ ಪಟ್ಟಿ ಬಿಚ್ಚಿದರೆ ಹಾಳೆ ಲೋಳೆಯಾಗಿ ಪಟ್ಟಿಯ ಜೊತೆಗೇ ಬಂತು. ವಾಸನೆ ಬೇರೆ. ಕೆಳಗೆ ಕೀವು ಇತ್ತು, ಅದರ ಮೇಲೇ ಹಾಕಿದ್ದರು. ಕಾಲು ಬಿಗಿಯಾಗಿ ಕಟ್ಟಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ಬಿಲ್ ಮಾತ್ರ ನೀಟಾಗಿ ಕೊಟ್ಟರು.

ಆಮೇಲೆ ಬೇರೆ ಡಾಕ್ಟರ್ ಸಿಕ್ಕರು. ಕೀವು ತೊಳೆದು, ಪಾದದಿಂದ ಮೊಣಕಾಲಿನವರೆಗೆ ಪದರ ಪದರವಾಗಿ ಬಿಗಿ ಪಟ್ಟಿ ಕಟ್ಟಿದರು. ಎರಡು ತಿಂಗಳಲ್ಲಿ ಮುಕ್ಕಾಲು ಭಾಗ ಮುಚ್ಚಿತು. ಅಲ್ಲಿಗೆ ನಿಂತಿತು. ಆರು ವಾರ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಆಗ ಅವರೇ ‘ಈಗ ಹಾಕಿ ನೋಡೋಣ’ ಅಂತ ಹೆರಿಗೆಯಲ್ಲಿ ಸಿಗುವ ಮಾಸಿನ ತೆಳು ಪೊರೆ ಹಾಕಿದರು, ವಾರಕ್ಕೊಂದರಂತೆ. ಮೂರನೇ ಪೊರೆ ಹೊತ್ತಿಗೆ ಅಂಚಿನಿಂದ ಗುಲಾಬಿ ಬಣ್ಣದ ತೊಗಲು ಒಳಗೆ ಹರಿಯಿತು. ಮುಚ್ಚಿತು. ಈಗಲೂ ಅವ್ವ ಬಿಗಿ ಸಾಕ್ಸ್ ಹಾಕದೇ ಗದ್ದೆಗೆ ಇಳಿಯುವಂತಿಲ್ಲ.

ಹಾಗಾಗಿ ಇದು ಮೋಸ ಅಂತ ಹೇಳಲಾರೆ. ಮೊದಲ ಸಲ ನೆಲ ಹದ ಮಾಡದೇ ಬಿತ್ತಿದರು, ಅಷ್ಟೇ.

ಹಳೇಹುಬ್ಬಳ್ಳಿ_ಚಹಾ
ಒಂದು ಪ್ರಶ್ನೆ, ಯಾರೂ ತಪ್ಪು ತಿಳಿಯಬೇಡಿ. ಇದರಲ್ಲಿ ಯಾವ ಪ್ರಾಣಿಯದ್ದು ಇರುತ್ತೆ ಅಂತ ಮೊದಲೇ ಹೇಳುತ್ತಾರಾ? ನಮ್ಮ ಮನೆಯ ಹಿರಿಯರು ಹಂದಿಯದ್ದು ಅಂದರೆ ಮುಟ್ಟುವುದಿಲ್ಲ. ಪಕ್ಕದ ಮನೆ ಅಜ್ಜ ಲಿಂಗಾಯತರು, ಅವರು ದನದ್ದೂ ಬೇಡ ಅಂತಾರೆ.

ಸಾಧನಕೇರಿ_ಮಾಸ್ತರ
ಕೇಳಬೇಕಾದ ಪ್ರಶ್ನೆಯೇ. ಸಹಿ ಮಾಡುವ ಮೊದಲು ಕೇಳಿ, ಹೇಳಲೇಬೇಕು. ಕೊಲಾಜೆನ್ ಹಾಳೆಗಳು ಬಹುತೇಕ ದನದ್ದು. ಹಂದಿಯ ಸಣ್ಣಕರುಳಿನ ಪದರದಿಂದ ಮಾಡಿದ್ದೂ ಇವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ಕೋಶಗಳನ್ನು ತೆಗೆದು, ಉಳಿದ ಹಂದರದಿಂದ ಕೋಲಿಡರ್ಮ್ ಎಂಬ ಹಾಳೆ ಮಾಡಿದ್ದಾರೆ. ನಮ್ಮ ದೇಶದಲ್ಲೇ ಆದದ್ದು, 2023ರಲ್ಲಿ ಒಪ್ಪಿಗೆ ಸಿಕ್ಕಿತು. ಐಸ್‌ಲ್ಯಾಂಡ್‌ನಲ್ಲಿ ಕಾಡ್ ಮೀನಿನ ತೊಗಲನ್ನೇ ಶುದ್ಧ ಮಾಡಿ ಗಾಯಕ್ಕೆ ಹಾಕುವ ಹಾಗೆ ಮಾಡಿದ್ದಾರೆ. ಹಾನಗಲ್ಲಿನವರು ಹೇಳಿದ ಪೊರೆ ಮನುಷ್ಯರದ್ದೇ, ತಾಯಂದಿರು ದಾನ ಕೊಟ್ಟಿದ್ದು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಲ್ಲಿ ಶುರುವಾಗಿದ್ದು. ಅಲ್ಲಿ ಇಂಥ ಪೊರೆಯನ್ನು ವಿಕಿರಣದಿಂದ ಶುದ್ಧ ಮಾಡಿ ಕೊಡುತ್ತಾರೆ.

ಆಪ್ಲಿಗ್ರಾಫ್‌ನ ಕೋಶ ಎಲ್ಲಿಯದು ಗೊತ್ತಾ? ಹಸುಗೂಸುಗಳಿಗೆ ಸುನ್ನತಿ ಮಾಡಿದಾಗ ತೆಗೆದ ಚರ್ಮದ್ದು. ಬಿಸಾಡುವ ಒಂದು ತುಣುಕಿನಿಂದ ಸಾವಿರಾರು ಹಾಳೆ ಬೆಳೆಸುತ್ತಾರೆ.

ಹಳೇಹುಬ್ಬಳ್ಳಿ_ಚಹಾ
ಯಾ ಅಲ್ಲಾ! ಇದನ್ನು ನಮ್ಮ ಅಬ್ಬಾಗೆ ಹೇಳಿದರೆ ಒಂದು ವಾರ ನಗುತ್ತಾರೆ.

ಉಣಕಲ್_ದಂಡೆ
ಆ ಜೀವಂತ ಹಾಳೆ ನಮ್ಮ ಕಡೆ ಸಿಗುತ್ತಾ?

ಪಿಜಿ_ರೂಮ್_7
ನಾನಂತೂ ಇಲ್ಲಿ ಯಾರಿಗೂ ಹಾಕಿದ್ದನ್ನು ನೋಡಿಲ್ಲ. ಅದು ಹತ್ತು-ಹದಿನೈದು ದಿನದಲ್ಲಿ ಬಳಸಬೇಕಾದ ಮಾಲು. 20ರಿಂದ 23 ಡಿಗ್ರಿಯಲ್ಲೇ ಇರಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್ ನೆನೆಸಿಕೊಳ್ಳಿ! ಅಮೆರಿಕದಲ್ಲೇ ಒಂದು ಹಾಳೆಗೆ ಸಾವಿರ ಡಾಲರ್‌ಗಿಂತ ಜಾಸ್ತಿ. ಇಲ್ಲಿ ದಿನಾ ನೋಡುವುದು ಕೊಲಾಜೆನ್ ಹಾಳೆ, ಮಾಸಿನ ಪೊರೆ, ರೋಗಿಯ ರಕ್ತದಿಂದಲೇ ತೆಗೆದ ಪ್ಲೇಟ್‌ಲೆಟ್ ಜೆಲ್, ತೊಡೆಯಿಂದ ತೆಗೆದು ಹಾಕುವ ಸ್ವಂತ ತೊಗಲು. ಇವೆಲ್ಲದರ ಬೆಲೆಯಲ್ಲಿ ಆಕಾಶ-ಭೂಮಿ ವ್ಯತ್ಯಾಸ ಇದೆ. ಬೆಟಗೇರಿಯವರಿಗೆ ‘ಲ್ಯಾಬಿನ ತೊಗಲು’ ಅಂತ ಹೇಳಿದ್ದು ಇವುಗಳಲ್ಲಿ ಯಾವುದು? ಪೊಟ್ಟಣದ ಮೇಲಿನ ಹೆಸರು ಬರೆಸಿಕೊಂಡು ಬನ್ನಿ. ಕೋಶ ಇರುವುದಾ, ಬರೀ ಕೊಲಾಜೆನ್ನಾ ಅಂತ ಕೇಳಿ.

ಬೆಟಗೇರಿ_ಮಗ್ಗ
ಫೋನ್ ಮಾಡಿ ಕೇಳಿದೆ. ಮೊದಲು ‘ನಿಮಗೆ ಅದೆಲ್ಲಾ ಯಾಕೆ’ ಅಂದರು. ಒತ್ತಾಯ ಮಾಡಿದ ಮೇಲೆ ಹೆಸರು ಹೇಳಿದರು. ಬರೀ ಕೊಲಾಜೆನ್ ಹಾಳೆ! ಕೋಶ ಗೀಶ ಏನೂ ಇಲ್ಲ.

ಪಿಜಿ_ರೂಮ್_7
ಕೊಲಾಜೆನ್ ಹಾಳೆ ಒಳ್ಳೆಯ ಡ್ರೆಸ್ಸಿಂಗೇ. ಆದರೆ ಆ ಬೆಲೆ ಅದರದ್ದಲ್ಲ.

ಸಾಧನಕೇರಿ_ಮಾಸ್ತರ
ನಮ್ಮಲ್ಲಿ ಕೊಲಾಜೆನ್ ಹಾಳೆ ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯದ್ದು. ಚಪ್ಪಲಿ ಚರ್ಮ ಹದ ಮಾಡುವುದನ್ನು ಓದುವವರೇ ಗಾಯಕ್ಕೂ ಹಾಳೆ ಮಾಡಿದರು. ಇದು ಸುಮ್ನೆ ನೆನಪಾಯಿತು.

ನಿರಂತರ_ಆರೋಗ್ಯ_99
ಯಾವುದೇ ಗಾಯ 21 ದಿನದಲ್ಲಿ ಗ್ಯಾರಂಟಿ. ಸ್ಟೆಮ್ ಸೆಲ್ ಪುಡಿ. ಇನ್‌ಬಾಕ್ಸ್ ಮಾಡಿ.

ಡ್ರೆಸ್ಸಿಂಗ್_ರೂಮ್_ಅಕ್ಕ
ಇವನನ್ನು ಯಾರಾದರೂ ಹೊರಗೆ ಹಾಕಿ.

ಬೆಟಗೇರಿ_ಮಗ್ಗ
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದೆವು. ಬೆಳಿಗ್ಗೆ ಏಳಕ್ಕೆ ಚೀಟಿ, ಡಾಕ್ಟರ್ ಹತ್ತಿರ ಹೋಗುವಾಗ ಹನ್ನೆರಡೂವರೆ. ಆದರೆ ಚೆನ್ನಾಗಿ ನೋಡಿದರು. ತೆಳ್ಳನೆ ನೈಲಾನ್ ದಾರ ಪಾದಕ್ಕೆ ಒತ್ತಿ ‘ಗೊತ್ತಾಗುತ್ತಾ’ ಅಂತ ಕೇಳಿದರು. ಹತ್ತು ಜಾಗದಲ್ಲಿ ಎಂಟು ಕಡೆ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಅಪ್ಪನ ಮುಖ ಅವತ್ತು ಸಣ್ಣದಾಯಿತು. ಕಾಲಿನ ಬಿಪಿಯನ್ನು ಕೈಯ ಬಿಪಿಗೆ ಹೋಲಿಸಿದರೆ 1.4 ಬಂತು. ನಾನು ‘ಚಲೋ ಇದೆಯಲ್ಲಾ’ ಅಂದೆ. ಅಲ್ಲವಂತೆ. ಶುಗರ್‌ನವರಿಗೆ ರಕ್ತನಾಳ ಸುಣ್ಣಗಟ್ಟಿ ಗಟ್ಟಿಯಾಗಿರುತ್ತೆ, ಪಟ್ಟಿ ಬಿಗಿದರೂ ಒತ್ತಿಕೊಳ್ಳುವುದಿಲ್ಲ, ಅದಕ್ಕೇ ಲೆಕ್ಕ ಸುಳ್ಳು ಜಾಸ್ತಿ ತೋರಿಸುತ್ತೆ ಅಂದರು. ಹೆಬ್ಬೆರಳಿನ ಒತ್ತಡ ಬೇರೆ ನೋಡಿದರು, ಡಾಪ್ಲರೂ ಆಯಿತು. ಪುಣ್ಯಕ್ಕೆ ರಕ್ತ ಹರಿಯುತ್ತಿದೆ. ಎಲುಬೂ ಸರಿ ಇದೆ.

ಗಟ್ಟಿ ಅಂಚನ್ನೆಲ್ಲಾ ಹೆರೆದರು. ಗಾಯ ಮೊದಲಿಗಿಂತ ದೊಡ್ಡದೇ ಕಂಡಿತು, ಅವ್ವ ಹೆದರಿದಳು. ಪ್ಲಾಸ್ಟಿಕ್ ಹಾಳೆ ಇಟ್ಟು ಪೆನ್ನಿಂದ ಗೆರೆ ಹಾಕಿ ಅಳೆದರು. 6 ಚದರ ಸೆಂಟಿಮೀಟರ್. ಆಮೇಲೆ ಮೊಣಕಾಲಿನ ಕೆಳಗಿನಿಂದ ಪಾದಕ್ಕೆ ಪೂರ್ತಿ ಅಂಟಿಕೊಳ್ಳುವ ಹಾಗೆ ಸಿಮೆಂಟ್ ಪಟ್ಟಿ. ಎಲುಬು ಮುರಿದವರಿಗೆ ಹಾಕುವಂಥದ್ದೇ. ವಾರಕ್ಕೊಮ್ಮೆ ಬಿಚ್ಚಿ ಹೊಸದು ಹಾಕುತ್ತಾರೆ. ತೊಗಲಿನ ಬಗ್ಗೆ ಕೇಳಿದ್ದಕ್ಕೆ ‘ಒಂದು ತಿಂಗಳು ತಡೀರಿ’ ಅಂದರು.

ಡ್ರೆಸ್ಸಿಂಗ್_ರೂಮ್_ಅಕ್ಕ
ಬಹಳ ಒಳ್ಳೆಯದಾಯಿತು ತಮ್ಮಾ. ಆ ಸಿಮೆಂಟ್ ಪಟ್ಟಿ ಕುಷ್ಠರೋಗದವರ ಪಾದಕ್ಕೆ ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಹಾಕುತ್ತಿದ್ದದ್ದು. ಅವರಿಗೂ ಪಾದದಲ್ಲಿ ಸ್ಪರ್ಶ ಇರುವುದಿಲ್ಲ. ವೆಲ್ಲೂರಿನಲ್ಲಿದ್ದ ಡಾ. ಪಾಲ್ ಬ್ರಾಂಡ್ ಇದನ್ನು ಅಮೆರಿಕಕ್ಕೂ ಒಯ್ದರು. ಭಾರ ಇಡೀ ಪಾದ, ಮೀನಖಂಡದ ಮೇಲೆ ಹಂಚಿ ಹೋಗುತ್ತೆ. ರೋಗಿ ಬಿಚ್ಚಿ ಮೂಲೆಗೆ ಇಡಲು ಆಗುವುದಿಲ್ಲ, ಅದೇ ಅದರ ದೊಡ್ಡ ಗುಣ! ಒಳಗೆ ವಾಸನೆ, ಜ್ವರ, ಬಾವು ಏನಾದರೂ ಕಂಡರೆ ವಾರ ಕಾಯಬೇಡಿ. ಅವತ್ತೇ ಓಡಿ.

ಬೆಟಗೇರಿ_ಮಗ್ಗ
ನಾಲ್ಕು ವಾರ ಆಯಿತು. 6 ಇದ್ದದ್ದು 3.5. ಶೇ. 42 ಕಡಿಮೆ. ಪಿಜಿ ಸರ್ ಹೇಳಿದ ಅರ್ಧ ಆಗಲಿಲ್ಲ. ಈಗ ತೊಗಲು ಹಾಕಿಸಲೇಬೇಕಾ?

ಪಿಜಿ_ರೂಮ್_7
ಅರ್ಧ ಎನ್ನುವುದು ದಾರಿ ತೋರಿಸುವ ಕಲ್ಲು ಅಷ್ಟೇ, ಗೋಡೆ ಅಲ್ಲ. ಶುಗರ್ ಇಳಿಯಿತಾ? ಪಟ್ಟಿಯ ಅಡಿ ಸವೆದಿದೆಯಾ ನೋಡಿ.

ಬೆಟಗೇರಿ_ಮಗ್ಗ
ಸರ್, ನೀವು ಜ್ಯೋತಿಷ್ಯ ಹೇಳುತ್ತೀರಾ? ಪಟ್ಟಿಯ ಮುಂದಿನ ತುದಿ ಸವೆದು ಮೆತ್ತಗಾಗಿದೆ. ಪಕ್ಕದ ಮನೆ ಕಾಕಾ ಬಾಯಿ ಬಿಟ್ಟರು. ನಾನು ಹುಬ್ಬಳ್ಳಿಗೆ ಬಂದ ಮೇಲೆ ರಾತ್ರಿ ಮಗ್ಗದ ಸಪ್ಪಳ ಕೇಳುತ್ತಿತ್ತಂತೆ. ಅಪ್ಪ ಸಿಮೆಂಟ್ ಪಟ್ಟಿ ಹಾಕಿಕೊಂಡೇ ಹಲಗೆ ತುಳಿದಿದ್ದಾರೆ! ಕೇಳಿದರೆ ‘ಎಡಗಾಲಲ್ಲೇ ತುಳಿದೆ’ ಅಂತಾರೆ. ಡಾಕ್ಟರ್ ಬೈಯಲಿಲ್ಲ. ‘ಅಜ್ಜಾ, ಸೀರೆ ಮುಖ್ಯನಾ ಕಾಲು ಮುಖ್ಯನಾ’ ಅಂತ ಕೇಳಿದ್ದಕ್ಕೆ ಅಪ್ಪ ‘ಮುಂಗಡ ತಗೊಂಡಿದ್ದೇನೆ’ ಅಂದರು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮಾಲೀಕರ ಜೊತೆ ಮಾತಾಡಿ ಉಳಿದ ಸೀರೆಗಳನ್ನು ಕಾಕಾನ ಮಗ್ಗಕ್ಕೆ ಕೊಡಿಸಿದೆ. ಅಪ್ಪ ಈಗ ಕೂತಲ್ಲೇ ಕಂಡಿಕೆಗೆ ನೂಲು ಸುತ್ತುತ್ತಾರೆ. ಕೂಲಿ ಕಡಿಮೆ.

ಹಾನಗಲ್_ಭತ್ತ
ಇದೇ ಕಷ್ಟ ನೋಡಿ. ‘ಕಾಲಿಗೆ ವಿಶ್ರಾಂತಿ ಕೊಡಿ’ ಅಂತ ಹೇಳುವುದು ಒಂದು ಮಾತು. ದುಡಿದು ತಿನ್ನುವವರಿಗೆ ಅದು ಹಾಳೆಗಿಂತ ದುಬಾರಿ.

ಬೆಟಗೇರಿ_ಮಗ್ಗ
ಎಲ್ಲರಿಗೂ ದೀಪಾವಳಿ ಶುಭಾಶಯ. ನಿನ್ನೆಯ ಅಳತೆ 0.6. ತೊಗಲು ಬೇಡವೇ ಬೇಡ ಅಂತ ಡಾಕ್ಟರ್ ಹೇಳಿದರು. ಮೂರು ತಿಂಗಳ ಶುಗರ್ ಇನ್ನೂ ನೋಡಿಲ್ಲ, ಮುಂದಿನ ತಿಂಗಳು. ಬೋರಮಾಳ ಅವ್ವನ ಕೊರಳಲ್ಲೇ ಇದೆ, ಪೂಜೆಗೆ ಹಾಕಿಕೊಂಡಿದ್ದಳು.

ಗಾಯ ಮುಚ್ಚಿದ ಮೇಲೆ ಮೆತ್ತನೆಯ ಎಂಸಿಆರ್ (ಮೈಕ್ರೊಸೆಲ್ಯುಲರ್) ರಬ್ಬರಿನ ಚಪ್ಪಲಿಯೇ ಹಾಕಬೇಕಂತೆ, ಮನೆಯೊಳಗೂ. ಗದಗಿನಲ್ಲಿ ಅಳತೆ ತಗೊಂಡು ಹೊಲಿದು ಕೊಡುವವರು ಯಾರಾದರೂ ಗೊತ್ತಾ? ಅಪ್ಪನಿಗೆ ಮಗ್ಗದ ಗುಂಡಿಗೂ ಅದೇ ಹಾಕಿಕೊಂಡು ಇಳಿಯಬಹುದಾ ಅಂತ ಕೇಳಬೇಕಂತೆ. ಕೇಳು ಅಂತ ಪಕ್ಕದಲ್ಲೇ ಕೂತಿದ್ದಾರೆ.

ಡ್ರೆಸ್ಸಿಂಗ್_ರೂಮ್_ಅಕ್ಕ
ಫೋನ್ ಅವರ ಕೈಗೆ ಕೊಡು ತಮ್ಮಾ, ನಾನೇ ಮಾತಾಡುತ್ತೇನೆ. ಚಪ್ಪಲಿಗೆ ಆಸ್ಪತ್ರೆಯಲ್ಲೇ ವಿಚಾರಿಸಿ. ಕೃತಕ ಕಾಲು ಮಾಡುವ ವಿಭಾಗದವರು ಇಂಥ ಚಪ್ಪಲಿಯನ್ನೂ ಮಾಡುತ್ತಾರೆ. ಬಟ್ಟೆ ಅಂಗಡಿಯವರ ಹಾಗೆ ಅಂದಾಜಲ್ಲಿ ಕೊಡುವವರ ಹತ್ತಿರ ಹೋಗಬೇಡಿ, ಪಾದದ ಅಚ್ಚು ತಗೊಳ್ಳುವವರ ಹತ್ತಿರವೇ ಹೋಗಿ.